ಹದಿಮೂರನೆಯ ಸಹಿ

ಯತೀಶ್ ಆ ಸಿಹಿಯ ಹೆಸರನ್ನು ಮೂರನೇ ಸಲ ಕೇಳಿದಾಗ ಗುಲಾಬಿಯ ಮನಸ್ಸಿನಲ್ಲಿ ಏನೋ ಚುಚ್ಚಿತು. "ಯೋಕನ್," ಎಂದಳು. ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ. ಆಮೇಲೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಸರಿಸಿ ಎರಡು ಫೋಟೋ ತೆಗೆದ, ಗೋಡೆಯ ಮೇಲಿನ ಅಂಗಡಿಯ ಬೋರ್ಡಿನದೂ ಒಂದು.

ಸಿಹಿ ತಿನ್ನಲು ಬಂದವನು ಹೀಗೆ ಮಾಡುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಪಠ್ಯಪುಸ್ತಕ ಕೊಂಡವನು ಮಾಡುತ್ತಾನೆ.

ಆದರೂ ಗುಲಾಬಿ ಅನುಮಾನವನ್ನು ಬದಿಗೆ ತಳ್ಳಿದಳು. ಬೆಳಿಗ್ಗೆ ಅವನೇ ಫೋನ್ ಮಾಡಿ, ನಮ್ಮ ಕೆಲಸ ಪೇಟೆಂಟಿಗೆ ಹೋಗ್ತಾ ಇದೆ, ನಿಮ್ಮ ಮೆಚ್ಚಿನ ಜಾಗದಲ್ಲೇ ಟ್ರೀಟು ಕೊಡ್ತೇನೆ ಎಂದಿದ್ದ. ಶನಿವಾರ ಫ್ರೀಮಾಂಟಿನಿಂದ ಕ್ಯಾಂಪ್‌ಬೆಲ್‌ವರೆಗೆ ಡ್ರೈವ್ ಮಾಡಿಕೊಂಡು ಬಂದಿದ್ದ. ಇಪ್ಪತ್ತೆರಡು ವರ್ಷ ಅಮೆರಿಕದ ಲ್ಯಾಬುಗಳಲ್ಲಿ ದುಡಿದ ಅವಳಿಗೆ ಇದು ಮೊದಲ ಪೇಟೆಂಟು. ಐವತ್ತೊಂದರ ವಯಸ್ಸಿನಲ್ಲಿ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗುವಂತೆ ಹತ್ತಿ ಸೀರೆ ಉಟ್ಟು ಬಂದು ಕೂತಿದ್ದಳು.

ಆರೇ ಮೇಜುಗಳ ಜಪಾನಿ ಸಿಹಿಯಂಗಡಿ ಅದು. ನಡೆಸುವವರು ಅರವತ್ತು ದಾಟಿದ ಮಿಸೆಸ್ ಹಿರಾನೋ. ಅಲ್ಲಿ ಎಲ್ಲಕ್ಕೂ ಒಂದು ಕ್ರಮವಿದೆ. ಮೊದಲು ಸಿಹಿ ಬರುತ್ತದೆ, ಕತ್ತರಿಸಲು ಮರದ ಪುಟ್ಟ ಕಡ್ಡಿಯ ಜೊತೆ. ತಟ್ಟೆ ಖಾಲಿಯಾಗುವ ಹೊತ್ತಿಗೆ ಆಕೆ ಬಿದಿರಿನ ಸಣ್ಣ ಕಡೆಗೋಲಿನಲ್ಲಿ ಮಾಚಾ ಎಂಬ ಹಸಿರು ಚಹಾವನ್ನು ಕಡೆದು ನೊರೆ ಬರಿಸಿ, ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಾರೆ. ಸಕ್ಕರೆ ಇಲ್ಲ, ಹಾಲಿಲ್ಲ. ನಾಲಿಗೆಯ ಮೇಲೆ ಉಳಿದ ಸಿಹಿಯೇ ಆ ಹಸಿರು ಕಹಿಯನ್ನು ಎದುರುಗೊಳ್ಳಬೇಕು. ಗುಲಾಬಿ ಎರಡು ವರ್ಷಗಳಿಂದ ಪ್ರತಿ ಶನಿವಾರ ಬರುತ್ತಿದ್ದದ್ದು ಈ ಕ್ರಮಕ್ಕಾಗಿ. ಹೂವಿನಾಕಾರದ ಬಿಳಿ ಕಾಳಿನ ಸಿಹಿಯನ್ನು ಬಾಯಲ್ಲಿಟ್ಟರೆ, ಉಡುಪಿಯ ಅಡುಗೆಮನೆಯಲ್ಲಿ ಯಾರೂ ನೋಡದಾಗ ಕದ್ದು ತಿಂದ ಹೂರಣದ ನೆನಪಾಗುತ್ತಿತ್ತು. ಯೋಕನ್ ಬೇರೆ ಜಾತಿಯದು. ಕೆಂಪು ಕಾಳು, ಸಕ್ಕರೆ, ಅಗರ್ ಸೇರಿಸಿ ಕಾಯಿಸಿ ಅಚ್ಚಿಗೆ ಹೊಯ್ದ, ಗಾಜಿನಂತೆ ಹೊಳೆಯುವ ಕಪ್ಪುಗೆಂಪಿನ ಇಟ್ಟಿಗೆ. ಅಗರ್ ಅಂದರೆ ನಮ್ಮ ಮನೆಗಳ ಚೈನಾ ಗ್ರಾಸ್. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹೊಯ್ಯುವುದೂ ಅದನ್ನೇ.

ಕಳೆದ ಅಕ್ಟೋಬರಿನ ಒಂದು ಶನಿವಾರ ಅವಳು ಸುಮ್ಮನೆ ಕೇಳಿದ್ದಳು, ಇದು ಫ್ರಿಜ್ ಇಲ್ಲದೆ ಎಷ್ಟು ದಿನ ಇರುತ್ತದೆ ಎಂದು. ಸರಿಯಾಗಿ ಸುತ್ತಿಟ್ಟರೆ ಒಂದು ವರ್ಷ ಎಂದಿದ್ದರು ಹಿರಾನೋ. ಅದರಲ್ಲಿರುವ ಸಕ್ಕರೆಯು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಗರ್ ಎಲ್ಲವನ್ನೂ ಅಲುಗದಂತೆ ಕೂರಿಸುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಗುಲಾಬಿ ಹೆದ್ದಾರಿಯಿಂದ ಇಳಿಯಬೇಕಾದ ಎಕ್ಸಿಟ್ ತಪ್ಪಿಸಿಕೊಂಡಳು. ಅವರ ಕಂಪನಿ ರೋಗಪರೀಕ್ಷೆಯ ಕಿಟ್‌ಗಳಿಗೆಂದು ತಯಾರಿಸುವ ಕಿಣ್ವ ಮಂಜುಗಡ್ಡೆಯಿಂದ ಹೊರಗಿಟ್ಟರೆ ಎರಡೇ ದಿನದಲ್ಲಿ ಸಾಯುತ್ತಿತ್ತು. ಅದನ್ನು ಈ ಇಟ್ಟಿಗೆಯೊಳಗೆ ಕೂರಿಸಿದರೆ?

ಸೋಮವಾರ ತಂಡದ ಮುಖ್ಯಸ್ಥನಾದ ಯತೀಶನಿಗೆ ಹೇಳಿದಳು. ಅವನು ಬಿದ್ದು ಬಿದ್ದು ನಕ್ಕ. ಲ್ಯಾಬಿನಲ್ಲಿ ಪುಡ್ಡಿಂಗ್ ಮಾಡ್ತೀರಾ ಅಕ್ಕ, ಚೆರ್ರಿ ಇಡ್ಲಿಕ್ಕೆ ಮರೀಬೇಡಿ ಎಂದ. ಅವಳು ಮಾಡಿದಳು. ನಲವತ್ತು ದಿನ ಬೆಂಚಿನ ಮೇಲೆ ಬಿದ್ದಿದ್ದ ಕಿಣ್ವದಲ್ಲಿ ನೂರಕ್ಕೆ ತೊಂಬತ್ತೊಂದು ಪಾಲು ಜೀವವಿತ್ತು. ಆಮೇಲೆ ಅವನು ನಗಲಿಲ್ಲ.

ಯತೀಶ್ ಮೂಡುಬಿದಿರೆಯವನು, ಅವಳಿಗಿಂತ ಹದಿಮೂರು ವರ್ಷ ಚಿಕ್ಕವನು. ಮೀಟಿಂಗಿನಲ್ಲಿ ಗುಲಾಬಿ ಎನ್ನುವನು, ಎದುರಿಗೆ ಬೇರೆಯವರಿಲ್ಲದಾಗ ತುಳುವಿಗೆ ಇಳಿದು ಅಕ್ಕ ಎನ್ನುವನು. ನನ್ನನ್ನು ನೀನು ಅಂತಲೇ ಕರೀಬೇಕು ಎಂದು ಮೊದಲ ವಾರವೇ ಹಟ ಹಿಡಿದಿದ್ದ. ಅತ್ತೆಯ ಆರೈಕೆಗೆಂದು ನಾಲ್ಕು ವರ್ಷ ಕೆಲಸ ಬಿಟ್ಟಿದ್ದವಳನ್ನು, ಬೇರೆಲ್ಲರೂ ಅಪ್ಲಿಕೇಶನ್ನು ತೆರೆಯದೇ ತಿರಸ್ಕರಿಸುತ್ತಿದ್ದಾಗ, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ತಾನಿದ್ದ ಪುಟ್ಟ ಕಂಪನಿಗೆ ಕಾಂಟ್ರ್ಯಾಕ್ಟಿನ ಮೇಲೆ ತೆಗೆದುಕೊಂಡವನು ಅವನೇ. ಆ ದಾಕ್ಷಿಣ್ಯ ಅವಳ ಕತ್ತಿಗೆ ಬಿದ್ದಿತ್ತು. ಅದೇ ದಾಕ್ಷಿಣ್ಯದಲ್ಲಿ ಅವಳು ಒಂದು ತಪ್ಪು ಮಾಡಿದ್ದಳು.

ಆ ಕಂಪನಿಯಲ್ಲಿ ಇಂದಿಗೂ ರಟ್ಟಿನ ನೋಟ್‌ಬುಕ್ಕು. ಪ್ರತಿ ಪುಟಕ್ಕೆ ಅಚ್ಚಾದ ಸಂಖ್ಯೆ. ಕೆಲಸ ಮಾಡಿದವರು ಬರೆದು ಸಹಿ ಹಾಕಬೇಕು. ಕೆಳಗಿನ ಗೆರೆಯ ಮೇಲೆ, ಓದಿ ತಿಳಿದುಕೊಂಡಿದ್ದೇನೆ ಎಂದು ಒಬ್ಬ ಸಾಕ್ಷಿ ಸಹಿ ಹಾಕಬೇಕು. ಸಾಕ್ಷಿಗೆ ಒಂದೇ ಅರ್ಹತೆ: ಆ ಕೆಲಸದಲ್ಲಿ ಅವರ ಕೈ ಇರಕೂಡದು. ಕಾಂಟ್ರ್ಯಾಕ್ಟಿನವರಿಗೆ ನೋಟ್‌ಬುಕ್ಕು ಸಿಗಲು ಮೂರು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಬಿಡಿ ಹಾಳೆಯಲ್ಲಿ ಬರೆದುಕೊಡಿ, ನನ್ನ ಬುಕ್ಕಿಗೆ ಕಾಪಿ ಮಾಡ್ತೇನೆ, ನೀವು ಸಾಕ್ಷಿ ಹಾಕಿ, ನಮ್ಮ ನಮ್ಮೊಳಗೆ ಎಂಥದ್ದು ಎಂದಿದ್ದ ಯತೀಶ್. ಈ ನಿಯಮವನ್ನು ಹಿಂದಿನ ಕೆಲಸದಲ್ಲಿ ಹೊಸಬರಿಗೆ ಪಾಠ ಹೇಳಿದ್ದವಳು ಅವಳೇ. ಆದರೂ ಊರಿನವನು, ಅಕ್ಕ ಅನ್ನುತ್ತಾನೆ, ಹೇಗೆ ಇಲ್ಲ ಎನ್ನುವುದು ಎಂದು ಹನ್ನೆರಡು ಪುಟಗಳಿಗೆ ಸಹಿ ಹಾಕಿದ್ದಳು. ಮಾಡಿದ್ದು ಅವಳು, ನೋಡಿದವಳೂ ಅವಳು.

ಈಗ ಯತೀಶ್ ಯೋಕನ್ ತುಂಡನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ತುಂಬ ಸಿಹಿ ಮಾರಾಯ್ರೆ ಎಂದ. ಸೋಮವಾರ ವಕೀಲರ ಜೊತೆ ಮೀಟಿಂಗು ಇದೆಯಂತೆ. ಅವರು ಬಹಳ ಕೊರೆಯುತ್ತಾರಂತೆ, ಯಾವ ದಿನ ಹೊಳೆಯಿತು, ಎಲ್ಲಿ ಹೊಳೆಯಿತು ಎಂದು.

ಗುಲಾಬಿ ಕಡ್ಡಿಯನ್ನು ತಟ್ಟೆಯ ಅಂಚಿಗಿಟ್ಟಳು. "ಅರ್ಜಿಯಲ್ಲಿ ಯಾರ ಯಾರ ಹೆಸರಿದೆ, ಯತೀಶ್?"

"ನಂದು, ಡೈರೆಕ್ಟರದ್ದು."

"ನನ್ನದು?"

ಅವನು ನೀರು ಕುಡಿದ. "ನಿಮ್ಮದು ಅಕ್ನಾಲೆಜ್‌ಮೆಂಟ್ಸಲ್ಲಿ ಖಂಡಿತ ಹಾಕ್ತೇವೆ ಅಕ್ಕ. ನಾನೇ ಹೇಳಿದ್ದೇನೆ."

ಪೇಟೆಂಟಿನಲ್ಲಿ ಕೃತಜ್ಞತೆ ಎಂಬ ಪುಟವೇ ಇರುವುದಿಲ್ಲ. ಅದು ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಹಾಗಿದ್ದೂ ಮಗುವಿನ ಕೈಗೆ ಗಿಲಕಿ ಕೊಟ್ಟಂತೆ ಆ ಮಾತನ್ನು ಕೊಟ್ಟಿದ್ದ. ಅವಳ ಕಿವಿಯಿಂದ ಕತ್ತಿನವರೆಗೆ ಬಿಸಿ ಇಳಿಯಿತು.

ಎಲ್ಲಿ ಹೊಳೆಯಿತು ಎಂದು ವಕೀಲರಿಗೆ ಏನು ಹೇಳಿದ್ದೀಯ ಎಂದು ಕೇಳಿದಳು. ಅವನು ಉತ್ತರಿಸುವ ಮೊದಲೇ ಮಿಸೆಸ್ ಹಿರಾನೋ ತಟ್ಟೆ ನೋಡಲು ಬಂದರು. ಅವರನ್ನು ಕಂಡು ಯತೀಶನ ಮುಖ ಅರಳಿತು. ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ, ಈ ಸಿಹಿ ಫ್ರಿಜ್ ಇಲ್ಲದೆ ಎಷ್ಟು ದಿನ ಇರುತ್ತದೆ ಎಂದು ಕೇಳಿದ.

ಹಿರಾನೋ ಅವನನ್ನು ಬಿಟ್ಟು ಗುಲಾಬಿಯ ಕಡೆ ನೋಡಿದರು. ನಿಮ್ಮ ಈ ಸ್ನೇಹಿತೆ ಹೋದ ವರ್ಷ ಇದನ್ನೇ ಕೇಳಿದ್ದರು, ಮರುವಾರ ಎಷ್ಟು ಸಕ್ಕರೆಗೆ ಎಷ್ಟು ಅಗರ್ ಎಂದು ಗ್ರಾಮಿನ ಲೆಕ್ಕ ಕೇಳಿದರು, ನನಗೆ ಪೈಪೋಟಿಗೆ ಅಂಗಡಿ ಇಡುತ್ತಾರೇನೋ ಎಂದುಕೊಂಡಿದ್ದೆ ಎಂದು ನಕ್ಕು ಒಳಗೆ ಹೋದರು.

ಯತೀಶನ ಮುಖ ಪೆಚ್ಚಾಯಿತು, ಒಂದೇ ಕ್ಷಣ. ಗುಲಾಬಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಅವಳಿಗೆ ಹೊಳೆದ ದಿನವನ್ನು, ಅವಳು ಕೂತ ಕುರ್ಚಿಯನ್ನು, ಅವಳು ಕೇಳಿದ ಪ್ರಶ್ನೆಯನ್ನು ಇವನು ತನ್ನದೆಂದು ಹೇಳಿಯಾಗಿದೆ. ಇವನು ಈ ಅಂಗಡಿಯ ಮೆಟ್ಟಿಲು ಹತ್ತಿದ್ದು ಇವತ್ತೇ ಮೊದಲು. ವಕೀಲರ ಮುಂದೆ ತಡವರಿಸಬಾರದೆಂದು ತನ್ನದೆಂದು ಹೇಳಿಕೊಂಡ ನೆನಪಿನ ಜಾಗವನ್ನು ನೋಡಿಕೊಂಡು ಹೋಗಲು ಬಂದಿದ್ದಾನೆ. ದಾರಿ ತೋರಿಸಲು ಅವಳನ್ನೇ ಸೀರೆ ಉಡಿಸಿ ಕರೆಸಿದ್ದಾನೆ.

"ನಿಮಗೆ ನಾಚಿಕೆ ಆಗೋದಿಲ್ವಾ?" ಎಂದಳು.

ನಿಮಗೆ ಎಂದದ್ದು ಅವನಿಗೆ ತಟ್ಟಿತು. ಧ್ವನಿ ತಗ್ಗಿಸಿದ. ಡೈರೆಕ್ಟರಿಗೆ ಕಾಂಟ್ರ್ಯಾಕ್ಟಿನವರ ಹೆಸರು ಬಂದರೆ ಅವರನ್ನು ಕಳಿಸಿದ ಏಜೆನ್ಸಿಯ ತಕರಾರು ಬರುತ್ತದೆಂಬ ಭಯ, ತಾನು ಎಷ್ಟು ಹೋರಾಡಿದೆ ಎಂಬುದು ದೇವರಿಗೇ ಗೊತ್ತು, ಮುಂದಿನ ವರ್ಷ ನಿಮ್ಮನ್ನು ಪರ್ಮನೆಂಟ್ ಮಾಡಿಸುವುದು ತನ್ನ ಜವಾಬ್ದಾರಿ ಎಂದೆಲ್ಲ ಹೇಳಿದ. ಅವಳ ಮುಖದಲ್ಲಿ ಏನೂ ಕದಲದಿದ್ದಾಗ ಬ್ಯಾಗಿಗೆ ಕೈ ಹಾಕಿ ನೋಟ್‌ಬುಕ್ಕು ಹೊರತೆಗೆದ. ಕಟ್ಟಡದಿಂದ ಆಚೆ ಒಯ್ಯಬಾರದ ನೋಟ್‌ಬುಕ್ಕು, ಸಿಹಿಯ ತಟ್ಟೆಯ ಪಕ್ಕ ಬಂದು ಕೂತಿತು.

"ನೋಡಿ, ಹನ್ನೆರಡು ಪುಟಕ್ಕೆ ಸಾಕ್ಷಿ ನೀವೇ. ನಿಮ್ಮ ಕೈ ಇರಲಿಲ್ಲ ಅಂತ ನೀವೇ ಬರೆದುಕೊಟ್ಟ ಹಾಗೆ. ಈಗ ಬೇರೆ ಹೇಳಿದ್ರೆ ಸಿಕ್ಕಿಬೀಳೋದು ಯಾರು ಹೇಳಿ? ಇದೊಂದು ಪುಟ ಬಿಟ್ಟುಹೋಗಿದೆ. ಸಹಿ ಹಾಕಿ, ತಾರೀಖು ಜನವರಿ ಹತ್ತೊಂಬತ್ತು ಅಂತ ಬರೀರಿ. ಅಷ್ಟೇ."

ಅವಳು ಪುಟವನ್ನು ತನ್ನೆಡೆಗೆ ತಿರುಗಿಸಿಕೊಂಡು ಓದಿದಳು. ಅವಸರವಿಲ್ಲದೆ, ಎಂದಿನಂತೆ ಪ್ರತಿ ಅಂಕಿಯ ಮೇಲೆ ಬೆರಳಿಟ್ಟು ಓದಿದಳು. ಅವನು ಅವಳ ಬಿಡಿ ಹಾಳೆಯನ್ನು ಅಕ್ಷರಕ್ಕೆ ಅಕ್ಷರ ಇಳಿಸಿದ್ದ. ಆ ದಿನ ಜ್ವರವಿದ್ದೂ ಕೆಲಸಕ್ಕೆ ಹೋಗಿ, ಅವಳು ಏಳನೇ ನಳಿಕೆಯನ್ನು ಕೈಜಾರಿಸಿ ಒಡೆದಿದ್ದಳು; ನನ್ನ ಕೈಯಿಂದ ಬಿದ್ದು ಒಡೆಯಿತು, ಮತ್ತೆ ಮಾಡಿದೆ ಎಂದು ಪ್ರಾಮಾಣಿಕವಾಗಿ ಬರೆದಿದ್ದಳು. ಅದೂ ಇತ್ತು, ಅವನ ದುಂಡು ಅಕ್ಷರದಲ್ಲಿ, ಅವನ ಸಹಿಯ ಮೇಲೆ. ಆ ದಿನ ಅವನು ಊರಿನಲ್ಲೇ ಇರಲಿಲ್ಲ, ಸ್ಯಾನ್ ಡಿಯಾಗೋದ ಸಮ್ಮೇಳನಕ್ಕೆ ಹೋಗಿದ್ದ. ಅವಳ ಜಾರಿದ ಕೈಯನ್ನು ಸಹ ಇವನು ಬಿಟ್ಟಿರಲಿಲ್ಲ.

ಅಷ್ಟು ಹೊತ್ತು ಎದೆಯಲ್ಲಿ ಕುದಿಯುತ್ತಿದ್ದುದು ಆಗ ಗಟ್ಟಿಯಾಯಿತು. ಅವನ ಪೆನ್ನನ್ನು ತೆಗೆದುಕೊಂಡು ಸಾಕ್ಷಿಯ ಗೆರೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಳು. ಈ ಪ್ರಯೋಗವನ್ನು ಯೋಚಿಸಿದವಳು ನಾನು, ಮಾಡಿದವಳು ನಾನು, ನಳಿಕೆ ಒಡೆದವಳೂ ನಾನು. ಆದ್ದರಿಂದ ಇದಕ್ಕೆ ಸಾಕ್ಷಿಯಾಗಲಾರೆ. ಹಿಂದಿನ ಹನ್ನೆರಡು ಪುಟಗಳಿಗೆ ಸಾಕ್ಷಿ ಹಾಕಿದ್ದು ತಪ್ಪು, ಅದು ನನ್ನ ತಪ್ಪು. ಕೆಳಗೆ ಪೂರ್ತಿ ಹೆಸರು, ಇವತ್ತಿನ ತಾರೀಖು, ಗಂಟೆ.

ತಲೆಕೆಳಗಾಗಿ ಓದುತ್ತಿದ್ದ ಯತೀಶನಿಗೆ ಅರ್ಥವಾಗಲು ತುಸು ಸಮಯ ಹಿಡಿಯಿತು. ಅವನು ಪುಸ್ತಕ ಎಳೆದುಕೊಳ್ಳುವಷ್ಟರಲ್ಲಿ ಅವಳು ಪುಟದ ಫೋಟೋ ತೆಗೆದಾಗಿತ್ತು.

"ಎಂತ ಮಾಡಿದ್ರಿ ಅಕ್ಕ," ಎಂದ. ಅವನ ಮುಖ ಬಿಳಿಚಿತ್ತು.

"ಹರಿದುಹಾಕಿ ನೋಡುವಾ. ಪುಟಕ್ಕೆ ನಂಬರಿದೆ. ಗೀಚಿದರೆ ಗೀಚಿದ್ದಕ್ಕೂ ನೀವೇ ಸಹಿ ಹಾಕಬೇಕು."

ನಿಮ್ಮ ಕಾಂಟ್ರ್ಯಾಕ್ಟು ಸೋಮವಾರಕ್ಕೆ ಮುಗೀತು, ಸುಳ್ಳು ಸಾಕ್ಷಿ ಹಾಕಿದವರನ್ನು ಈ ಊರಿನಲ್ಲಿ ಇನ್ಯಾರು ಸೇರಿಸಿಕೊಳ್ತಾರೆ ನೋಡ್ತೇನೆ ಎಂದ. ಈ ಸಲ ಅಕ್ಕ ಎನ್ನಲಿಲ್ಲ, ತುಳುವೂ ಇರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಅದರಲ್ಲಿ ಅರ್ಧ ಅವನ ಮೇಲೆ, ಅರ್ಧ ತನ್ನ ಮೇಲೆ. ಅಕ್ಕ ಎಂಬ ಒಂದು ಪದಕ್ಕೆ ಹನ್ನೆರಡು ಸಲ ಕರಗಿದ್ದಳಲ್ಲ. ಅವನ ಎದುರೇ ಆ ಫೋಟೋವನ್ನು ಡೈರೆಕ್ಟರಿಗೂ ಕಂಪನಿಯ ಕಾನೂನು ವಿಭಾಗಕ್ಕೂ ಕಳಿಸಿದಳು. ಹೋಯಿತು ಎಂದು ಫೋನು ಸಣ್ಣಗೆ ಸದ್ದು ಮಾಡಿದಾಗ ಅವನು ಎದ್ದು, ನೋಟ್‌ಬುಕ್ಕನ್ನು ಕಂಕುಳಲ್ಲಿ ಅವುಚಿಕೊಂಡು, ಬಾಗಿಲನ್ನು ಒಳಗೆಳೆಯಬೇಕೋ ಹೊರಗೆ ತಳ್ಳಬೇಕೋ ತಿಳಿಯದೆ ಎರಡು ಸಲ ಜಗ್ಗಾಡಿ ಹೊರಟುಹೋದ.

ಮಿಸೆಸ್ ಹಿರಾನೋ ಎರಡು ಬೋಗುಣಿ ಮಾಚಾ ತಂದವರು ಖಾಲಿ ಕುರ್ಚಿ ನೋಡಿ ಒಂದನ್ನು ಮಾತ್ರ ಇಟ್ಟು ಹೋದರು. ಗುಲಾಬಿ ಒಂದು ಗುಟುಕು ಕುಡಿದಳು. ತಟ್ಟೆಯ ಸಿಹಿಯನ್ನು ಅವಳು ಮುಟ್ಟಿರಲೇ ಇಲ್ಲ. ಬರೀ ಕಹಿ, ನಾಲಿಗೆಯ ಬುಡದವರೆಗೆ. ಕುಡಿದಳು. ಆಮೇಲೆ ಸೊಂಟದ ಸೆರಗು ಬಿಗಿಮಾಡಿಕೊಂಡು, ಕೌಂಟರಿಗೆ ಹೋಗಿ ಒಂದು ಹಾಳೆ ಕೇಳಿದಳು. ಆಕೆ ಸಿಹಿ ಸುತ್ತುವ ಬಿಳಿಯ ಕಾಗದ ಕೊಟ್ಟರು.

ಹನ್ನೆರಡು ಪುಟಗಳು ಇನ್ನೂ ಅವನ ಕಂಕುಳಲ್ಲಿದ್ದವು, ಅವಳ ಸಹಿಯೊಂದಿಗೆ. ಸೋಮವಾರದೊಳಗೆ ಒಂದೊಂದಕ್ಕೂ ಉತ್ತರ ಬರೆಯಬೇಕಿತ್ತು. ಅವಳು ಕೂತು, ಮೇಲಿನ ಅಂಚಿನಿಂದ ಎರಡು ಬೆರಳು ಜಾಗ ಬಿಟ್ಟು ಶುರುಮಾಡಿದಳು: ಪುಟ ನಲವತ್ತೊಂದು, ನವೆಂಬರ್ ಆರು. ಅಗರ್ ತೂಗಿದವಳು ನಾನು.