ಕರ್ನಲ್ ಎಕಾರ್ಟ್ ಮತ್ತೆ ಹಾರಿದ್ದು

ಕಡಲಾಚೆಯ ಮೆಲಾಕಾ ಊರಿನ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಸರೋಜಾಗೆ ವಿಮಾನವೆಂದರೆ ಎದೆ ಡವಡವ. ಊರಿಗೆ ಹೋಗಿಬರುವಾಗಲೆಲ್ಲ ಗಂಡ ದಾಮೋದರನ ಕೈಮೇಲೆ ಉಗುರಿನ ಗುರುತು ಮೂಡಿಸಿಯೇ ಇಳಿಯುತ್ತಿದ್ದಳು. ಅಂಥವಳು 2020ರ ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದದ್ದು ಒಬ್ಬ ಪೈಲಟ್‌ನ ಕೈಗೆ.

ಪಕ್ಕದ ಮನೆಯ ಎಕಾರ್ಟ್ ಜರ್ಮನ್ ವಾಯುಪಡೆಯ ನಿವೃತ್ತ ಲೆಫ್ಟಿನೆಂಟ್ ಕರ್ನಲ್. ಹೆಂಡತಿ ಮೆಲಾಕಾದವಳು, ಅವಳು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಒಂಟಿ ಮನುಷ್ಯ ಏನು ತಿನ್ನುತ್ತಾನೋ ಎಂದು ಸರೋಜಾ ಕಾಂಪೌಂಡಿನ ಮೇಲಿಂದ ಬಿಸಿಬೇಳೆಬಾತಿನ ಡಬ್ಬಿ ಚಾಚಿದಳು. ಮರುದಿನ ಸಂಜೆ ತೊಳೆದ ಡಬ್ಬಿಯ ಜೊತೆಗೆ ಒಂದು ಕಥೆಯೂ ಬಂತು. ಆಮೇಲೆ ದಿನಾ ಐದು ಗಂಟೆಗೆ ಗೋಡೆಯ ಆಚೆ ಈಚೆ ಎರಡು ಕುರ್ಚಿ.

ಹತ್ತೊಂಬತ್ತನೇ ವಯಸ್ಸಿಗೆ ವಾಯುಪಡೆ ಸೇರಿದ ಎಕಾರ್ಟ್ ಮೊದಲ ಸಲ ಒಬ್ಬರೇ ಹಾರಿದಾಗ ಸ್ವಂತ ಟೋಪಿಯೊಳಗೇ ವಾಂತಿ ಮಾಡಿಕೊಂಡಿದ್ದರು. ಯುದ್ಧವಿಮಾನ ಸಿಗಲಿಲ್ಲ, ಸಿಕ್ಕಿದ್ದು ಹೊಟ್ಟೆ ದೊಡ್ಡದಾದ ಸರಕು ವಿಮಾನ. ಆಫ್ರಿಕಾದ ಬರಗಾಲದಲ್ಲಿ ಅದರ ಹಿಂಬಾಗಿಲು ತೆರೆದು, ಮರದೆತ್ತರದಲ್ಲಿ ಹಾರುತ್ತ ಜೋಳದ ಮೂಟೆ ಉದುರಿಸಿದ್ದರು. ಇನ್ನೊಮ್ಮೆ, ಮೇಲಧಿಕಾರಿಯ ಸೋಫಾ ಸೆಟ್ಟನ್ನು ರನ್‌ವೇ ಪಕ್ಕ ಇಳಿಸಿ, ಆ ಜಾಗದಲ್ಲಿ ಹೆರಿಗೆ ನೋವಿನ ಹೆಂಗಸನ್ನು ಹತ್ತಿಸಿಕೊಂಡಿದ್ದರು.

“ಬರೀ ಬುರುಡೆ ಕಣೇ! ಮಿಲಿಟರಿಯವ್ರು ಸುಮ್ನೆ ಬಿಡ್ತಾರಾ?” ಎಂದ ದಾಮೋದರ.

“ಬಿಡ್ಲಿಲ್ಲ ರೀ. ಆಮೇಲೆ ಪ್ರಮೋಷನ್ನೇ ಕೊಡ್ಲಿಲ್ವಂತೆ. ಆ ಮಗು ಮಾತ್ರ ಆಕಾಶದಲ್ಲೇ ಹುಟ್ಟಿತಂತೆ!”

2022ರಲ್ಲಿ ನಿರ್ಬಂಧ ಸಡಿಲವಾಯಿತು. ಎಕಾರ್ಟ್ ಹಾರಲು ಅಡ್ಡಿಯಿಲ್ಲವೆಂಬ ವೈದ್ಯರ ಸರ್ಟಿಫಿಕೇಟು ಬೀಸುತ್ತ ಅಂಗಳದಲ್ಲಿ ಒಂದು ಸುತ್ತು ಕುಣಿದೇಬಿಟ್ಟರು. ಫ್ಲೈಯಿಂಗ್ ಕ್ಲಬ್ಬಿನ ವಿಮಾನ ಮತ್ತೆ ಅವರ ಕೈಗೆ ಬಂದಿತ್ತು.

“ಶನಿವಾರ ಬೆಳಿಗ್ಗೆ ಏಳಕ್ಕೆ. ಇಬ್ಬರೂ ಬರಬೇಕು. ಇದು ಆರ್ಡರ್ ಲಾ!” ಎಂದರು ಇಂಗ್ಲಿಷಿನಲ್ಲಿ, ಕೊನೆಗೆ ಇಲ್ಲಿಯವರ ಹಾಗೆ ‘ಲಾ’ ಸೇರಿಸಿ.

ಬೇಡವೆನ್ನಲು ಬಾಯಿ ತೆರೆದ ಸರೋಜಾ ಹೂಂ ಅಂದುಬಿಟ್ಟಳು.

ವಿಮಾನ ಮಾರುತಿ ಕಾರಿಗಿಂತ ಚಿಕ್ಕದಾಗಿ ಕಂಡಿತು. ಹಿಂದೆ ಕೂತ ದಾಮೋದರ ಕಣ್ಮುಚ್ಚಿ ರಾಮ ರಾಮ ಎನ್ನತೊಡಗಿದ. ಗಡಗಡ ಓಡಿದ ಚಕ್ರಗಳು ತಟ್ಟನೆ ಸುಮ್ಮನಾದವು. ಕೆಳಗೆ ಕೆಂಪು ಹೆಂಚುಗಳು, ಹಾವಿನಂಥ ನದಿ, ಆಮೇಲೆ ಫಳಫಳ ಹೊಳೆಯುವ ಸಮುದ್ರ. ಎರಡು ವರ್ಷ ನಾಲ್ಕು ಗೋಡೆಯನ್ನಷ್ಟೇ ನೋಡಿದ್ದ ಸರೋಜಾಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ತಡೆದಷ್ಟೂ ಜಾಸ್ತಿಯಾಗಿ, ಬಿಕ್ಕಳಿಕೆ ಬಂದು, ಕಣ್ಣಲ್ಲಿ ನೀರು.

“ಈಗ ನೀವು ಹಿಡೀರಿ” ಎಂದರು ಎಕಾರ್ಟ್.

ಮುಂದಿದ್ದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ಎಡಕ್ಕೆ ತಿರುಗಿಸಿದಳು. ಇಡೀ ಸಮುದ್ರವೇ ವಾಲಿತು!

“ಯಾರೇ ಓಡಿಸ್ತಿರೋದು?” ಹಿಂದಿನಿಂದ ದಾಮೋದರ ಕಿರುಚಿದ.

“ನಾನೇ ರೀ!”

ರಾಮನಾಮದ ವೇಗ ಇಮ್ಮಡಿಯಾಯಿತು. ಎಕಾರ್ಟ್ ತೊಡೆ ಬಡಿದುಕೊಂಡು ನಕ್ಕರು.

ಇಳಿದಾಗ ದಾಮೋದರ ಹುಲ್ಲಿನ ಮೇಲೆ ಅಂಗಾತ ಮಲಗಿದ. ಸರೋಜಾಳ ಕೂದಲು ಕಾಗೆಗೂಡು. ನೆಟ್ಟಗೆ ಕ್ಲಬ್ಬಿನ ಆಫೀಸಿಗೆ ನಡೆದು, ಐವತ್ತೆರಡು ವರ್ಷದವರನ್ನು ತರಬೇತಿಗೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಳು. ಕೌಂಟರಿನ ಹುಡುಗಿ ಫಾರ್ಮು ಕೊಟ್ಟಳು. ನಗುವಿಗೆ ಅಕ್ಷರ ಕುಣಿದು, ಹೆಸರು ಬರೆಯಲು ಮೂರು ಫಾರ್ಮು ಬೇಕಾಯಿತು.