ಇದೇನಾ ನಿಮ್ಮ ಫೈನಲ್ ಆನ್ಸರ್

ನಗು, ಮೂವರದೂ ಒಂದೇ ಸಲ, ಯಾಕೆಂದು ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಚುವವಳಿಗೆ ಮೊದಲು ಹೊಳೆಯಲಿಲ್ಲ, ಅವಳು ಹೇಳಿದ್ದಿಷ್ಟೇ, ಇಸ್ತ್ರಿ ಯಂತ್ರಕ್ಕೆ ಕೈ ಸಿಕ್ಕದಂತೆ ಕಾಯುವ ತಡೆಪಟ್ಟಿ ಬಿಚ್ಚಿಸಿದ್ದು ಈ ಸೂಪರ್‌ವೈಸರೇ, ಕೆಲಸ ಬೇಗ ಸಾಗಲಿ ಅಂತ, ನಾನು ಕಣ್ಣಾರೆ ಕಂಡೆ, ಅದಕ್ಕೆ ವಿಚಾರಣೆಯ ಅಧಿಕಾರಿ, ಏನಮ್ಮಾ, ಇದೇನಾ ನಿಮ್ಮ ಫೈನಲ್ ಆನ್ಸರ್, ಮ್ಯಾನೇಜರು ಕಿಸಕ್ಕನೆ, ಸೂಪರ್‌ವೈಸರು ಹೊಟ್ಟೆ ಕುಲುಕಿಸಿ — ಹಾಂ, ಟೀವಿ, ಟೀವಿ ಮಾತದು, ಎತ್ತರದ ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳುವ ಆಟ, ನಾದಿನಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ಅತ್ತಿಗೇ ಬಾರೇ, ಪಾತ್ರೆ ಆಮೇಲೆ ತಿಕ್ಕುವೆಯಂತೆ, ಎಂದು ಚಪ್ಪಾಳೆ ತಟ್ಟುವಳು, ಈಗ ಅವಳ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿದೆ, ಮಿಕ್ಕ ನಾಲ್ಕನ್ನೂ ಇದೇ ಯಂತ್ರ ನುಂಗಿತು, ಇವರಿಗೆ ಇದೂ ಆಟ — ಬೇಕಾದ್ರೆ ಫೋನ್ ಎ ಫ್ರೆಂಡ್ ತಗೊಳ್ಳಿ ಅಕ್ಕಾ, ಯಾರನ್ನಾದ್ರೂ ಕೇಳಿ ಹೇಳಿ, ಅಂದರು ಸೂಪರ್‌ವೈಸರು, ಮತ್ತೆ ನಗು, ಯಾರಿಗೆ ಮಾಡ್ಲೋ, ನಾದಿನಿಗಾ, ಅವಳು ಫೋನ್ ಹಿಡಿಯೋದಾದ್ರೂ ಹೇಗೋ, ಎಂದುಕೊಂಡಳು, ಮೇಜಿನ ಮೇಲೆ ಮೊದಲೇ ಟೈಪಾಗಿ ಬಂದ ಕಾಗದ, ಅಪಘಾತ ನಾದಿನಿಯದೇ ಅಜಾಗರೂಕತೆಯಿಂದ, ಹೌದು ಎಂದರೆ ತನ್ನ ಕೆಲಸ ಉಳಿಯುತ್ತದೆ, ಇಲ್ಲವೆಂದರೆ ನಾಳೆ ಗೇಟಿನಾಚೆ ನಾದಿನಿಯ ಪಕ್ಕದಲ್ಲಿ ತಾನೂ, ಮನೆಯಲ್ಲಿ ದುಡಿಯುವವರು ಇನ್ಯಾರಿದ್ದಾರೆ, ಮಾತು ತಿರುಗಿಸಿಬಿಡಲೇ, ನೆನಪಿಲ್ಲ ಸಾರ್ ಎಂದರೆ ಮುಗಿಯಿತಲ್ಲ — ಅಧಿಕಾರಿಯ ಪೆನ್ನಿನ ತುದಿ ಕಾಗದದ ಮೇಲೆ ತೂಗುತ್ತಿದೆ, ಕಾಯುತ್ತಿದೆ, ಅವತ್ತು ಆ ಟೀವಿಯಲ್ಲಿ ಕನ್ನಡಕದ ಮೇಷ್ಟ್ರೊಬ್ಬರು, ಸರಿಯುತ್ತರ ಹೇಳಿದ್ದವರು, ಫೈನಲ್ ಆನ್ಸರಾ ಎಂದೊಡನೆ ಬೆದರಿ ಬದಲಿಸಿ ಸೋತರು, ಇವಳಿಗೆ ಅಯ್ಯೋ ಎನಿಸಿದರೆ ನಾದಿನಿಗೆ ಸಿಟ್ಟು, ಸರಿ ಹೇಳಿದ್ರೂ ಹಂಗೇ ಕೇಳ್ತಾನೆ ಅತ್ತಿಗೆ, ತಪ್ಪು ಹೇಳಿದ್ರೂ ಹಂಗೇ, ನಿನ್ನ ಎದೆ ಅಲ್ಲಾಡುತ್ತಾ ಅಂತ ನೋಡೋದು, ಅಷ್ಟೇ ಅವನ ಕಸುಬು — ಅಷ್ಟೇನಾ, ಅಷ್ಟೇ, ಇವರೂ ಇಂಗ್ಲಿಷಿನ ಬೇಲಿ ಹಾಕಿ ಆಚೆಯಿಂದ ಹಲ್ಲು ಕಿರಿಯುತ್ತಾರೆ, ಒಳಗೆ ಇರುವುದು ಇಷ್ಟೇ, ಪೆನ್ನಿನ ತುದಿ ಇನ್ನೂ ತೂಗುತ್ತಿದೆ, ತೂಗಲಿ, ಹೌದು ಸಾರ್, ಇದೇ ಫೈನಲ್, ಬರ್ಕೊಳ್ಳಿ, ಬಿಚ್ಚಿಸಿದ್ದು ಇವರೇ, ನಗು ನಿಂತುಹೋಯಿತು, ಬರ್ಕೊಳ್ಳಿ ಅಂದೆ, ಕಾಗದಕ್ಕೆ ಕೂದಲೆಳೆಯಷ್ಟು ಮೇಲೆ ಪೆನ್ನಿನ ತುದಿ, ಇಳಿಯದ ಪೆನ್ನಿನ ತುದಿ, ಪೆನ್ನಿನ ತುದಿ —