ಐದು ಹನ್ನೆರಡರ ಜಾಗ

ಪಕ್ಕದ ಮನೆಯ ಒಗ್ಗರಣೆ, ಸಾಸಿವೆ ಸೀದಿದೆ, ಉಮಾ ಇದ್ದಿದ್ದರೆ ಇಲ್ಲಿ ಕೂತೇ ಹೇಳುತ್ತಿದ್ದಳು, ಪುಟ್ಟಲಕ್ಷ್ಮಿ ಮತ್ತೆ ಫೋನ್ ಹಿಡ್ಕೊಂಡು ಒಲೆ ಮುಂದೆ ನಿಂತ್ಲು ನೋಡ್ರೀ ಅಂತ, ಇದ್ದಿದ್ದರೆ — ಷಡಕ್ಷರಪ್ಪ ಕನ್ನಡಕವನ್ನು ಹಣೆಗೇರಿಸಿ, ಕಣ್ಣುಜ್ಜಿ, ಮತ್ತೆ ಇಳಿಸಿದ, ಪರದೆಯ ಮೇಲೆ ಅದೇ ಸಾಲು, ವಿಮಾನಗಳ ಹಾದಿಯನ್ನು ಉಳಿಸಿಡಬೇಕಿದ್ದರೆ ಇಲ್ಲಿ ಫೋಲ್ಡರಿನ ಹೆಸರು ಬರೆಯಿರಿ, ಇಂಗ್ಲಿಷಿನಲ್ಲಿದೆ, ಎಂಟನೇ ಕ್ಲಾಸಿನವರಿಗೂ ಅರ್ಥವಾಗುವ ಇಂಗ್ಲಿಷ್, ಮತ್ತು ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು. ಅದು ಅಲ್ಲಿರುವ ತನಕ ಸಾಲು ನಿದ್ದೆ ಮಾಡುತ್ತಿರುತ್ತದಂತೆ, ಬೆಳಿಗ್ಗೆ ಭದ್ರಾವತಿಯಿಂದ ರವಿಶಂಕರ ಫೋನಿನಲ್ಲಿ ಹೇಳಿದ, ಕಾರ್ಖಾನೆಯ ಹಳೆಯ ಸಹೋದ್ಯೋಗಿ, ಈ ಹುಚ್ಚು ಹಿಡಿಸಿದವನೂ ಅವನೇ, ಹ್ಯಾಶ್ ಅಳ್ಸಿದ್ರೆ ಎದ್ದು ಕೆಲಸ ಮಾಡುತ್ತೆ ಮಾರಾಯ, ಇಲ್ಲ ಅಂದ್ರೆ ಎಲ್ಲ ಬರೀ ಟೆಂಪರರಿ ಮೆಮರೀಲಿ ಇರೋದು, ಕರೆಂಟ್ ಹೋದ್ರೆ ಹೋಯ್ತು. ಹೋಯ್ತು. ಒಂದು ಗುಂಡಿ ಒಂದು ಸಲ ಒತ್ತುವಷ್ಟು ಕೆಲಸ, ಎರಡು ವರ್ಷದಿಂದ ಈ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ಶಿವಮೊಗ್ಗದ ವಿದ್ಯಾನಗರದ ಈ ಹಾಲಿನಲ್ಲಿ ಟೀವಿಯ ಪಕ್ಕ ಕೂತಿದೆ, ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಕಟ್ಟಿದ ಆಂಟೆನಾ, ಆಕಾಶದಲ್ಲಿ ಹೋಗುವ ವಿಮಾನ ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರ ಎಂದು ತಾನೇ ಕೂಗಿ ಹೇಳುತ್ತಾ ಹೋಗುತ್ತದೆ, ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ನಕ್ಷೆಯ ಮೇಲೆ ಗೆರೆ ಎಳೆಯುತ್ತದೆ, ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಹತ್ತಿದ ಚಟ, ರಿಟೈರಾದವನಿಗೆ ಏನಾದರೂ ಬೇಕಲ್ಲ, ಉಮಾ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು, ನಮ್ಮ ಯಜಮಾನ್ರು ಮನೇಲಿ ಕೂತೇ ಏರ್‌ಪೋರ್ಟ್ ನಡೆಸ್ತಾರೆ. ಪೆಟ್ಟಿಗೆಯ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ದೀಪ ಉರಿಯುತ್ತಿದೆ.

ಅವತ್ತೂ ಉರಿಯುತ್ತಿತ್ತು, ಏಪ್ರಿಲ್ ಹದಿನೇಳು, ಉಮಾಳ ಶ್ವಾಸಕೋಶ ಎರಡೂ ಕೈಕೊಟ್ಟಿವೆ, ಇಲ್ಲಿ ಆಗಲ್ಲ, ಚೆನ್ನೈಗೆ ಕರ್ಕೊಂಡು ಹೋಗಿ, ರಸ್ತೆಯಲ್ಲಿ ತಡೆಯಲ್ಲ ಎಂದರು ಡಾಕ್ಟರು, ಪುಟ್ಟ ವಿಮಾನ ಬಂತು, ಒಳಗೆ ಮಂಚ, ಸಿಲಿಂಡರು, ಡಾಕ್ಟರು, ನರ್ಸು, ಮನೆಯವರು ಒಬ್ಬರಿಗೆ ಮಾತ್ರ ಜಾಗ, ಒಬ್ಬರಿಗೆ. ಮಲ್ಲಿಕ್ ಹೋಗಲಿ ಎಂದದ್ದು ಯಾರು, ತಾನೇ, ಮಲ್ಲಿಕ್ ಅವಳ ತಮ್ಮ, ಹತ್ತು ವರ್ಷ ಚೆನ್ನೈಯಲ್ಲಿ ಇದ್ದವನು, ಆಸ್ಪತ್ರೆಯಲ್ಲಿ ತಮಿಳು ಮಾತಾಡಿ ಓಡಾಡುವವನು ಬೇಕು, ನ್ಯಾಯವಾದ ಮಾತೇ, ಎಲ್ಲರೂ ಹೌದು ಹೌದು ಎಂದರು, ಹಾಳಾಗಲಿ ಆ ನ್ಯಾಯ. ನಾನು ಹಿಂದೇನೇ ಕಾರಲ್ಲಿ ಬರ್ತೀನಿ ಉಮಾ ಎಂದಾಗ ಅವಳು ಮುಖದ ಮೇಲಿನ ಮಾಸ್ಕ್ ಸರಿಸಿದಳು, ನರ್ಸ್ ಬೈದರೂ ಸರಿಸಿದಳು, ಮೊದ್ಲು ಮನೇಗೆ ಹೋಗಿ ನಿಮ್ಮ ಪೆಟ್ಟಿಗೆ ಮುಂದೆ ಕೂತ್ಕೊಳ್ರೀ, ನಾನು ಎಲ್ಲಿದ್ದೀನಿ ಅಂತ ನೋಡ್ತಾ ಇರಿ. ನೋಡಿದ. ನಾಲ್ಕು ನಲವತ್ತಕ್ಕೆ ಸೋಗಾನೆ ಬಿಟ್ಟಿತು, ಗೆರೆ ಭದ್ರಾವತಿಯ ಮೇಲೆ ಹಾದಿದೆ, ಹಳೆಯ ಕ್ವಾರ್ಟರ್ಸಿನ ಮೇಲೆಯೇ, ಮದುವೆಯಾಗಿ ಬಂದ ವಾರ ಅವಳು ಹಾಲುಕ್ಕಿಸಿದ ಮನೆ, ಆಮೇಲೆ ಹೊಸದುರ್ಗದ ಕಡೆ, ಗೆರೆಯ ಬಣ್ಣ ಹಳದಿಯಿಂದ ಹಸಿರಿಗೆ ತಿರುಗುತ್ತಿದೆ, ಮೇಲೆ ಏರುತ್ತಿದೆ ಎಂದು ಅರ್ಥ, ಏರ್ತಾ ಇದೆ ಏರ್ತಾ ಇದೆ ಎಂದು ಖುಷಿಪಟ್ಟ, ಥೂ, ಖುಷಿಪಟ್ಟ, ನಡುವೆ ಎದ್ದು ಬ್ಯಾಗಿಗೆ ಬಟ್ಟೆ ತುಂಬಿದ, ಅವಳ ಸ್ವೆಟರ್ ಹುಡುಕಿದ, ಚೆನ್ನೈಯಲ್ಲಿ ಸ್ವೆಟರ್ ಯಾಕೆ, ಆಸ್ಪತ್ರೆಯ ಏಸಿಗೆ ಬೇಕಾಗುತ್ತೆ, ಬಂದು ನೋಡಿದ, ಹೋದ, ಬಂದು ನೋಡಿದ, ಐದೂವರೆಗೆ ಗೆರೆ ಆಂಟೆನಾಕ್ಕೆ ಸಿಗದಷ್ಟು ದೂರ ಹೋಗಿ ನಿಂತಿತು, ಇನ್ನೇನು ತಲುಪಿದರು. ಆಗ ಗುಡುಗು. ಗುಡುಗೆಂದರೆ ಪ್ಲಗ್ಗು, ಒಮ್ಮೆ ಸಿಡಿಲಿಗೆ ಟೀವಿ ಸುಟ್ಟ ಮೇಲೆ ಉಮಾ ಮಾಡಿದ ಕಾಯಿದೆ, ರೀ, ಗುಡುಗ್ತಾ ಇದೆ, ಪ್ಲಗ್ ಕಿತ್ತಾಕಿ, ಟೀವಿದು, ಫ್ರಿಜ್ಜಿಂದು, ಆಮೇಲೆ ನಿಮ್ಮ ಪೆಟ್ಟಿಗೇದು — ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಕೇಳಿಸಿತು, ಕೈ ಹೋಯಿತು, ಕಿತ್ತಿತು, ಕೆಂಪು ದೀಪ ಆರಿತು. ಆರು ಗಂಟೆ ದಾಟಿ ಐದು ನಿಮಿಷಕ್ಕೆ ಮಲ್ಲಿಕ್ ಫೋನ್ ಮಾಡಿದ, ಭಾವ, ಅಕ್ಕ ದಾರೀಲೇ ಹೋಗ್ಬಿಟ್ಲು ಭಾವ, ಐದು ಹನ್ನೆರಡಕ್ಕೆ, ಡಾಕ್ಟ್ರು ಟೈಮ್ ಬರ್ಕೊಂಡಿದ್ದಾರೆ.

ದಾರಿಯಲ್ಲಿ ಎಂದರೆ ಎಲ್ಲಿ. ಹೊಳಲೂರಿನಿಂದ ಬಂದ ಅಕ್ಕ ವಿಶಾಲಮ್ಮ ಕಣ್ಣೊರೆಸಿಕೊಳ್ಳುತ್ತಲೇ ಕೇಳಿದ್ದಳು, ಪ್ರಾಣ ಹೋದ್ ಜಾಗದಲ್ಲಿ ದೀಪ ಇಡ್ಬೇಕಲ್ಲೋ ಷಡಕ್ಷರಿ, ಎಲ್ಲಿಡೋದು? ಅಪ್ಪ ಹೋದಾಗ ನಡುಮನೆಯಲ್ಲಿಟ್ಟರು, ಅವ್ವ ಹಿತ್ತಲ ಬಾಗಿಲಲ್ಲಿ ಕುಸಿದಳು, ಅಲ್ಲೇ ಇಟ್ಟರು, ಹನ್ನೊಂದು ದಿನ ಎಣ್ಣೆ ತೀರದಂತೆ ಸರದಿಯ ಮೇಲೆ ಕಾದರು, ಹೋದವರು ತಿರುಗಿ ನೋಡಿದರೆ ಅಲ್ಲಿ ಕತ್ತಲಿರಬಾರದು. ಮಲ್ಲಿಕ್‌ನನ್ನು ಕೇಳಿದರೆ, ಕೆಳಗೆ ಬರೀ ಮೋಡ ಭಾವ, ನಾನು ಅಕ್ಕನ ಕೈ ಹಿಡ್ಕೊಂಡಿದ್ದೆ, ಕಿಟಕಿ ಯಾರು ನೋಡ್ತಾರೆ ಎನ್ನುತ್ತಾನೆ, ಅಳುತ್ತಾನೆ. ಸರ್ಟಿಫಿಕೇಟಿನಲ್ಲಿ ಚೆನ್ನೈ ಎಂದಿದೆ, ಸುಳ್ಳು, ಅವಳು ಚೆನ್ನೈ ನೋಡಲೇ ಇಲ್ಲ. ಕೊನೆಗೆ ದೀಪವನ್ನು ಹಾಲಿನಲ್ಲಿ ಟೀವಿಯ ಕೆಳಗೆ ಇಟ್ಟರು, ಹನ್ನೊಂದು ದಿನ ಉರಿಯಿತು, ಅಲ್ಲಿ ಯಾರೂ ಸತ್ತಿರಲಿಲ್ಲ. ಶಿರಾನೋ, ಮಧುಗಿರಿಯೋ, ಗೌರಿಬಿದನೂರೋ, ಯಾರದೋ ಹೊಲ, ಯಾವುದೋ ಕೆರೆ, ಬಂಡೆ, ಗೆರೆಯ ಮೇಲೆ ಮೌಸ್ ಇಟ್ಟಿದ್ದರೆ ಐದು ಹನ್ನೆರಡರ ಜಾಗ ಸಿಗುತ್ತಿತ್ತು, ಸೆಕೆಂಡಿನ ಸಮೇತ, ಬಸ್ಸು ಹತ್ತಿ ಹೋಗಿ ಅಲ್ಲಿ ಒಂದು ಹಣತೆ ಹಚ್ಚಿಟ್ಟು ಬರುತ್ತಿದ್ದ, ಅಷ್ಟೇ, ಅದಕ್ಕಿಂತ ಹೆಚ್ಚು ಏನನ್ನೂ ಕೇಳಿಲ್ಲ. ಮೂವತ್ತೊಂದು ವರ್ಷ ಭದ್ರಾವತಿಯ ಕಾರ್ಖಾನೆಯಲ್ಲಿ ಮಾಡಿದ್ದು ಇದೇ ಕೆಲಸ, ಕುಲುಮೆಯ ಶಾಖವನ್ನು ಮುಳ್ಳೊಂದು ದುಂಡು ಕಾಗದದ ಮೇಲೆ ಗೀಚುತ್ತಾ ಹೋಗುತ್ತದೆ, ಶಿಫ್ಟ್ ಮುಗಿಯುವಾಗ ಆ ಕಾಗದ ತೆಗೆದು, ತಾರೀಖು ಹಾಕಿ, ಸಹಿ ಮಾಡಿ, ದಾರ ಕಟ್ಟಿ ಬೀರುವಿನಲ್ಲಿಡಬೇಕು, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಡಿಗ್ರಿ, ಕೇಳಿದರೆ ಎರಡು ನಿಮಿಷದಲ್ಲಿ ತೆಗೆದು ಕೊಡುತ್ತಿದ್ದ, ಫೋರ್‌ಮನ್ ಧರ್ಮಪ್ಪ ಎಲ್ಲರೆದುರು ಬೆನ್ನು ತಟ್ಟುತ್ತಿದ್ದ, ಷಡಕ್ಷರಿ ಇರೋ ತನಕ ಕುಲುಮೆಗೆ ಸುಳ್ಳು ಹೇಳೋಕಾಗಲ್ಲ ಕಣ್ರಯ್ಯ. ಕಬ್ಬಿಣದ ಬಿಸಿಯನ್ನು ಅಷ್ಟು ಜೋಪಾನ ಮಾಡಿದವನು ಹೆಂಡತಿಯ ಕೊನೆಯ ಗೆರೆಯನ್ನು ತನ್ನ ಕೈಯಾರೆ ಅಳಿಸಿದ.

ಇವತ್ತಿಗೆ ಮೂವತ್ತಾರು ದಿನ. ಇಂಟರ್ನೆಟ್ಟಿನಲ್ಲಿ ಎಲ್ಲ ವಿಮಾನಗಳನ್ನೂ ತೋರಿಸುವ ತಾಣವೊಂದಿದೆ, ಏಳು ದಿನದ ಹಿಂದಿನದನ್ನಷ್ಟೇ ತೋರಿಸುತ್ತದೆ, ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅದನ್ನು ತೆರೆದದ್ದು ಹನ್ನೆರಡನೆಯ ದಿನ. ರವಿಶಂಕರನ ಮನೆಯಲ್ಲೂ ಇಂಥದೇ ಪೆಟ್ಟಿಗೆ, ಅದರಲ್ಲಿ ಹಾದಿ ಉಳಿಸಿಡುವ ಹಿಸ್ಟರಿ ಮೊದಲಿನಿಂದಲೂ ಆನ್, ಆದರೆ ಆ ವಾರ ಅವನು ಮಗಳ ಮನೆಗೆ ಹೋಗಿದ್ದ, ಊರಿಗೆ ಹೋಗೋವಾಗ ಮೇನ್ ಆಫ್ ಮಾಡಿ ಹೋಗ್ತೀವಲ್ಲ ಮಾರಾಯ ಎಂದ. ಉಳಿದದ್ದು ಈ ಹ್ಯಾಶ್ ಒಂದೇ. ಹಳೇದು ಬರಲ್ಲ, ಸುಮ್ನೆ ಆಸೆ ಇಟ್ಕೋಬೇಡ ಎಂದಿದ್ದಾನೆ ರವಿಶಂಕರ, ಆದರೆ ಅವನಿಗೇನು ಗೊತ್ತು, ಮೆಮರಿಯ ಯಾವುದೋ ಮೂಲೆಯಲ್ಲಿ ಅಂಟಿಕೊಂಡಿದ್ದರೂ ಇರಬಹುದು, ಸಾಲು ಎದ್ದರೆ ಅದೂ ಏಳಬಹುದು — ಅಳಿಸಿದ. ಫೋಲ್ಡರಿಗೆ ಹೆಸರು ಬೇಕಂತೆ, ಉಮಾ ಎಂದು ಬರೆದ. ಸೇವ್ ಮಾಡಿದ, ರೀಸ್ಟಾರ್ಟ್ ಕೊಟ್ಟ, ಕಾದ, ಹಿಂದಿನ ಹಾದಿ ತೋರಿಸುವ ಪುಟ ತೆರೆಯಿತು, ಮೇಲ್ಗಡೆ ತಾರೀಖು ಆರಿಸುವ ಚೌಕ, ಏಪ್ರಿಲ್, ಹದಿನೇಳು. ಶಿವಮೊಗ್ಗ ಇದೆ, ಭದ್ರಾವತಿ ಇದೆ, ಶಿರಾ, ಮಧುಗಿರಿ, ಎಲ್ಲ ಊರೂ ಇವೆ, ಗೆರೆಯಿಲ್ಲ. ಇನ್ನೊಮ್ಮೆ ಒತ್ತಿದ. ಇಲ್ಲ. ಇವತ್ತಿನ ತಾರೀಖು ಒತ್ತಿದರೆ ಆಗಲೇ ಒಂದು ಗೆರೆ, ಎಲ್ಲಿಂದಲೋ ಎಲ್ಲಿಗೋ ಹೋಗುವ ನೂರೈವತ್ತು ಜನರದು, ಪರಿಚಯವಿಲ್ಲದ ಯಾರ್‍ಯಾರದೋ, ಜೋಪಾನವಾಗಿ ಉಮಾಳ ಹೆಸರಿನ ಫೋಲ್ಡರಿಗೆ ಹೋಗಿ ಕೂರುತ್ತಿದೆ, ನಾಳೆಯೂ ಕೂರುತ್ತದೆ, ವರ್ಷಗಟ್ಟಲೆ, ಒಂದೂ ತಪ್ಪಿಹೋಗುವುದಿಲ್ಲ ಇನ್ನು. ಕಿಟಕಿಯಾಚೆ ಬೆಳಕು ಮಂಕಾಗಿದೆ, ಒಗ್ಗರಣೆಯ ವಾಸನೆ ಹೋಗಿ ಮಣ್ಣಿನ ವಾಸನೆ, ಭದ್ರಾವತಿಯ ಕಡೆಯಿಂದ ಗುಡುಗು, ದೂರದಲ್ಲಿ, ಇನ್ನೊಂದು, ಹತ್ತಿರದಲ್ಲಿ, ರೀ, ಗುಡುಗ್ತಾ ಇದೆ, ಕೇಳಿಸ್ತಾ ಉಮಾ, ಕೇಳಿಸ್ತು, ಈಗ ಕಿತ್ತರೂ ಏನೂ ಹೋಗುವುದಿಲ್ಲ, ಹೋಗುವಂಥದು ಇದರಲ್ಲಿ ಏನೂ ಇಲ್ಲ, ಪ್ಲಗ್ ಕಿತ್ತಾಕಿ, ಕೈ ಹೊರಟಿದೆ, ಟೀವಿದು, ಫ್ರಿಜ್ಜಿಂದು, ಆಮೇಲೆ — ಪ್ಲಗ್ಗಿನ ಮೇಲೆ ಕೈ, ಐದು ಹನ್ನೆರಡಕ್ಕೆ ನೀನು ಎಲ್ಲಿದ್ದೆ, ನೋಡ್ತಾ ಇರಿ ಅಂದಿದ್ದೆಯಲ್ಲ, ನೋಡ್ತಾ ಇದ್ದೆ ಉಮಾ, ನೋಡ್ತಾನೇ ಇದ್ದೆ, ಕೆಂಪು ದೀಪ, ಸಾಸಿವೆಯಷ್ಟು, ಕೆಂಪು ದೀಪ, ಆರಿತು.